ಎರಡು ಬೊಗಸೆ ಇದ್ದಲಿ ಮತ್ತು ಹಡಗಿನ ಊಟ

ಗೋಕಾಕದ ಬಸ್ ನಿಲ್ದಾಣದ ಎದುರು ಒಂದು ಕೋಣೆಯಲ್ಲಿ ಪ್ರವಾಸದ ಆಫೀಸು ಇಟ್ಟುಕೊಂಡು ನನಗೆ ಇಪ್ಪತ್ತು ವರ್ಷವಾಯಿತು. ಕಾಶಿ, ಪಂಢರಪುರ, ತಿರುಪತಿ ಎಂದು ಜನರನ್ನು ಕರೆದುಕೊಂಡು ಹೋಗುತ್ತೇನೆ. ಬೇರೆ ಆಫೀಸಿನ ಪ್ರಯಾಣಿಕರು ಹೋಗುತ್ತಾರೆ, ನೋಡುತ್ತಾರೆ, ಬರುತ್ತಾರೆ. ನನ್ನವರಿಗೆ ಮಾತ್ರ ಏನಾದರೊಂದು ಆಗುತ್ತದೆ. ಆಗಿದ್ದಕ್ಕೆ ಅವರೇ ಕಾರಣ ಎಂದು ನಾನು, ನಾನೇ ಕಾರಣ ಎಂದು ಅವರು, ಊರು ಮುಟ್ಟುವವರೆಗೆ ವಾದ ಮಾಡುತ್ತೇವೆ. ಹೋದ ವರ್ಷ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಹನ್ನೆರಡು ಜನರನ್ನು ಮುಂಬೈಯಲ್ಲಿ ಹಡಗು ಹತ್ತಿಸಿದೆ. ಮೂರು ದಿನದ ಪ್ರವಾಸ. ನಾನು ಹೇಳುವುದು ಮೊದಲ ದಿನದ್ದಷ್ಟೇ. ಉಳಿದ ಎರಡು ದಿನ ನಾನು ಹಡಗಿನ ಓಲಾಟಕ್ಕೆ ತಲೆ ತಿರುಗಿ ಮಲಗಿದ್ದೆ.

೧. ಉಣ್ಣಲು ಏನು ಉಡಬೇಕು

ಹಡಗಿನವರು ಮೊದಲೇ ಒಂದು ಹಾಳೆ ಕಳಿಸಿದ್ದರು. ಸಂಜೆ ಊಟದ ದೊಡ್ಡ ಹಾಲಿಗೆ ಬರುವಾಗ ಗಂಡಸರು ಪ್ಯಾಂಟು, ಕಾಲರ್ ಇರುವ ಅಂಗಿ, ಬೂಟು ಹಾಕಿರಬೇಕು. ಬಟ್ಟೆಗೆ ಇಸ್ತ್ರಿ ಆಗಿರಬೇಕು. ಬನಿಯನ್, ಪಾಯಜಾಮಾ, ಹವಾಯಿ ಚಪ್ಪಲಿ ನಡೆಯುವುದಿಲ್ಲ. ತಲೆಯ ಮೇಲೆ ಏನೂ ಇರಬಾರದು. ಕೊನೆಗೆ ಸಣ್ಣ ಅಕ್ಷರದಲ್ಲಿ, ರಾಷ್ಟ್ರೀಯ ಉಡುಪು ನಡೆಯುತ್ತದೆ ಎಂದಿತ್ತು. ಎಲ್ಲರನ್ನೂ ಆಫೀಸಿಗೆ ಕರೆಸಿ ಓದಿ ಹೇಳಿದೆ. ಸಣ್ಣ ಅಕ್ಷರದ್ದನ್ನು ಓದಲಿಲ್ಲ, ಕನ್ನಡಕ ಮನೆಯಲ್ಲಿತ್ತು.

ತುಕ್ಕಾನಟ್ಟಿಯ ಮಾಮಾ ಬಾಗಿಲ ಬಳಿ ಕೂತಿದ್ದರು. ಕುರಿ, ಕಬ್ಬು ಎರಡೂ ಇರುವ ಹಿರಿಯರು. ತಲೆಯ ಮೇಲೆ ಸದಾ ಹಳದಿ ಪಟಗಾ.

"ಉಣ್ಣಾಕ ಬಂದಾವ್ನ ಹೊಟ್ಟಿ ನೋಡತಾರೋ, ಅರಬಿ ನೋಡತಾರೋ?"

"ಮೊದಲ ಅರಬಿ, ಆಮ್ಯಾಲ ಹೊಟ್ಟಿ, ಮಾಮಾ."

"ಪಟಗಾ?"

"ತೆಗೀಬೇಕಾಗತೈತ್ರಿ."

ಮಾಮಾ ಪಟಗಾ ಮುಟ್ಟಿ ನೋಡಿಕೊಂಡರು. "ನಮ್ಮಪ್ಪ ತೀರಕೊಂಡಾಗ ತೆಗದಿದ್ದೆ. ಹಡಗಿನ್ಯಾಗ ಯಾರ್ ತೀರಕೊಂಡಾರ?"

ಹುಕ್ಕೇರಿಯಲ್ಲಿ ಬಟ್ಟೆ ಅಂಗಡಿ ಇರುವ ಸಾವಕಾರರು ನಡುವೆ ಬಾಯಿ ಹಾಕಿದರು. "ಪ್ಯಾಂಟು ಅಂಗಿ ಚಿಂತಿ ನನಗ ಬಿಡ್ರಿ. ಎಲ್ಲಾರಿಗೂ ಒಂದ ಥಾನಿನ ಅರಬಿ ಹರದ ಹೊಲಸತೇನಿ. ಲಗ್ನದಾಗ ಮಾಡೂದಿಲ್ಲೇನು?" ಹೀಗೆ ನಮ್ಮ ಗಂಡಸರಿಗೆಲ್ಲ ಒಂದೇ ಬಿಳಿ ಅಂಗಿ, ಒಂದೇ ಕರಿ ಪ್ಯಾಂಟು ನಿಶ್ಚಯವಾಯಿತು.

ಎಲ್ಲರೂ ಎದ್ದು ಹೋದ ಮೇಲೆ ಗೋಕಾಕ ಫಾಲ್ಸಿನ ಕಾಕಾ ಕೂತೇ ಇದ್ದರು. ಗಿರಣಿಯಲ್ಲಿ ಜೀವಮಾನವೆಲ್ಲ ದುಡಿದು ನಿವೃತ್ತರಾದವರು. ಹಡಗು ಹತ್ತುವ ದಿನವೇ ಅವರ ಲಗ್ನಕ್ಕೆ ಐವತ್ತು ವರ್ಷ ತುಂಬುತ್ತಿತ್ತು.

"ಅವತ್ತ ಸಂಜಿಗೆ ನಮ್ಮಿಬ್ಬರಿಗೂ ಒಂದ ಟೇಬಲ್ ಹಿಡದ ಇಡಸು. ಐವತ್ತ ವರ್ಷದಾಗ ಆಕಿ ಒಮ್ಮೇನೂ ನನ್ನ ಬಾಜೂಕ ಕುಂತು ಉಂಡಿಲ್ಲ. ಪಾಳಿ ಇದ್ದಾಗ ಡಬ್ಬಿ ಕಳಸತಿದ್ಲು. ಈಗ ನನಗ ಬಡಿಸಿ, ಆಮ್ಯಾಲ ಉಣತಾಳ. ಕುಂದ್ರು ಅಂದ್ರ, ರೊಟ್ಟಿ ಆರತೈತಿ ಅಂತಾಳ."

"ಹಡಗಿನ್ಯಾಗ ಕುಂದ್ರತಾರೇನ್ರಿ?"

"ಮತ್ತೇನ್ ಮಾಡತಾಳ? ಅಲ್ಲಿ ಅಡಗಿ ಮನಿ ಎಲ್ಲೈತಿ ಅಂತ ಆಕಿಗೆ ಗೊತ್ತಿಲ್ಲ."

೨. ಬ್ಯಾಗು ಮರಿ ಹಾಕಿದವು

ಮುಂಬೈ ಬಂದರಿನಲ್ಲಿ ಒಂದು ಪದ್ಧತಿ ಇದೆ. ದೊಡ್ಡ ಬ್ಯಾಗುಗಳನ್ನು ಹೊರಗೇ ಒಪ್ಪಿಸಬೇಕು. ಅವರು ಚೀಟಿ ಕಟ್ಟಿ ಒಯ್ಯುತ್ತಾರೆ, ಸಂಜೆಯ ಹೊತ್ತಿಗೆ ನಮ್ಮ ಕೋಣೆಯ ಬಾಗಿಲಿಗೆ ತಂದಿಡುತ್ತಾರೆ. ನನ್ನವರಿಗೆ ಇದು ಬಿಲ್ಕುಲ್ ಒಪ್ಪಿಗೆಯಾಗಲಿಲ್ಲ. ಕಾಗದದ ಚೀಟಿಯನ್ನು ಮಾಮಾ ಬೆರಳಲ್ಲಿ ಹಿಡಿದು ಜಗ್ಗಿ ನೋಡಿದರು. ಅದು ಕೈಗೆ ಬಂತು.

"ಇದರ ಮ್ಯಾಲ ಭರೋಸಾ ಇಡೂದೇನು?" ಎಂದು ಚೀಲದಿಂದ ಒಂದು ಡಬ್ಬಿ ತೆಗೆದರು. ಕುರಿಗೆ ಗುರುತು ಹಾಕುವ ಕೆಂಪು ಬಣ್ಣ. ನಾನು ಬೇಡ ಎನ್ನುವಷ್ಟರಲ್ಲಿ ಹನ್ನೆರಡು ಬ್ಯಾಗುಗಳ ಬೆನ್ನ ಮೇಲೂ ಎರಡೆರಡು ಗೆರೆ ಎಳೆದಿದ್ದರು. ಬ್ಯಾಗುಗಳು ಯಂತ್ರದ ಪಟ್ಟಿಯ ಮೇಲೆ ಒಂದರ ಹಿಂದೊಂದು ಒಳಗೆ ಹೋದವು. ಮಾಮಾ ನಿಂತು ಎಣಿಸಿದರು.

ಬಣ್ಣ ಹಸಿ ಇತ್ತು. ಒಳಗೆ ಬ್ಯಾಗುಗಳನ್ನು ಒಂದರ ಮೇಲೊಂದು ಪೇರಿಸಿಡುತ್ತಾರೆಂದು ನಮಗೆ ಗೊತ್ತಿರಲಿಲ್ಲ. ಸಂಜೆ ಐದಕ್ಕೆ ಹಡಗಿನ ಆಳುಗಳು ಕೆಂಪು ಗುರುತಿನವೆಲ್ಲ ಒಂದೇ ಗುಂಪಿನವು ಎಂದು ತಿಳಿದು ನಮ್ಮ ಕೋಣೆಗಳ ಓಣಿಗೆ ಹದಿನೆಂಟು ಬ್ಯಾಗು ತಂದಿಟ್ಟರು. ಅಷ್ಟರಲ್ಲಿ ಯಾರೋ ಗುಜರಾತದ ಕಡೆಯವರು ತಮ್ಮ ಬ್ಯಾಗು ಹುಡುಕುತ್ತ ಮೇಲಿಂದ ಕೆಳಗೆ ಓಡಾಡುತ್ತಿದ್ದರು.

ನಾನು ತಲೆಯ ಮೇಲೆ ಕೈ ಹೊತ್ತು ನಿಂತೆ. ಮಾಮಾ ಒಂದೊಂದನ್ನೇ ಮುಟ್ಟಿ ನೋಡಿ ಹೇಳಿದರು, "ನಮ್ಮವು ಹನ್ನೊಂದ ಬಂದಾವ. ಒಂದು ಕಡಿಮಿ ಐತಿ."

"ಮತ್ತ ಈ ಏಳು?"

"ಮರಿ ಹಾಕ್ಯಾವ."

೩. ಎಷ್ಟು ವ್ಯಾಟ್?

ಬಾರದೆ ಉಳಿದದ್ದು ಫಾಲ್ಸಿನ ಕಾಕಾನ ಬ್ಯಾಗು. ಗಂಡ ಹೆಂಡತಿ ಇಬ್ಬರ ಬಟ್ಟೆಯೂ ಅದರಲ್ಲೇ ಇತ್ತು. ಕಾಕಾನ ಹೆಂಡತಿ ಕಾಕುವಿನ ಚಿಂತೆ ಇರಲಿಲ್ಲ, ಮೈಮೇಲಿನ ಇಳಕಲ್ ಸೀರೆ ಹೊಸದೇ. ಕಾಕಾ ಮಾತ್ರ ಹೊಸ ಅಂಗಿ ಪ್ಯಾಂಟು ಮುದ್ದೆಯಾಗಬಾರದೆಂದು ಮಡಿಚಿ ಬ್ಯಾಗಿನಲ್ಲಿಟ್ಟು, ಗೋಕಾಕ ರೋಡಿನಲ್ಲಿ ರೈಲು ಹತ್ತುವಾಗಿನಿಂದ ಜೇಬಿರುವ ಬನಿಯನ್, ಪಾಯಜಾಮಾ, ಹವಾಯಿ ಚಪ್ಪಲಿಯಲ್ಲಿದ್ದರು. ಹಾಳೆಯಲ್ಲಿ ಬೇಡ ಎಂದು ಬರೆದಿದ್ದ ಮೂರನ್ನೂ ಅವರು ಹಾಕಿದ್ದರು.

ನನ್ನನ್ನೂ ಕಾಕಾನನ್ನೂ ಕೆಳಗಿನ ತಪಾಸಣೆ ಕೋಣೆಗೆ ಕರೆಸಿದರು. ಮೇಜಿನ ಮೇಲೆ ಬ್ಯಾಗು ಬಾಯಿ ತೆರೆದು ಕೂತಿತ್ತು. ಬಾಜೂಕ್ಕೆ ಒಂದು ಭಾರಿ ಹಿತ್ತಾಳೆ ಪೆಟ್ಟಿಗೆ, ಒಂದು ಪ್ಲಾಸ್ಟಿಕ್ ಚೀಲದಲ್ಲಿ ಕರಿಯ ಉಂಡೆಗಳು, ಒಂದು ಕಡ್ಡಿಪೆಟ್ಟಿಗೆ. ಸುತ್ತಲೂ ನಾಲ್ಕು ಜನ ಸ್ವಲ್ಪ ದೂರವೇ ನಿಂತಿದ್ದರು. ಅಧಿಕಾರಿ ಹಿಂದಿಯಲ್ಲಿ ಕೇಳಿದರು, ನಾನು ಅದನ್ನು ಕನ್ನಡದಲ್ಲಿ ಕಾಕಾಗೆ ಹೇಳಿದೆ.

"ಇದೇನು?"

"ಇಸ್ತ್ರಿ ಪೆಟಗಿ."

"ಈ ಕರಿ ವಸ್ತು?"

"ಇದ್ದಲಿ."

"ಹಡಗಿಗೆ ಇದ್ದಲಿ ಯಾಕೆ ತಂದಿರಿ?"

ಕಾಕಾ ನನ್ನತ್ತ ಬೆರಳು ಮಾಡಿದರು. "ಅರಬಿಗೆ ಇಸ್ತ್ರಿ ಆಗಿರಬೇಕು ಅಂತ ಇಂವಾ ಓದಿ ಹೇಳಿದ."

ಕರೆಂಟಿನ ಇಸ್ತ್ರಿ ಇರಲಿಲ್ಲವೇ ಎಂದು ಅಧಿಕಾರಿ ಕೇಳಿದರು. ಮನೆಯಲ್ಲಿ ಇದೆ ಎಂದರು ಕಾಕಾ. ಆದರೆ ನಡು ಸಮುದ್ರದಲ್ಲಿ ಕರೆಂಟು ಇರುತ್ತದೆಂದು ಏನು ಗ್ಯಾರಂಟಿ, ಘೋಡಗೇರಿಯಲ್ಲಿ ನೆಲದ ಮೇಲೆ ಇದ್ದೂ ಮಗಳ ಮನೆಯಲ್ಲಿ ದಿನಕ್ಕೆ ನಾಲ್ಕು ತಾಸು ಕರೆಂಟು ಹೋಗುತ್ತದೆ ಎಂದರು. ಅಧಿಕಾರಿ ಕಂಪ್ಯೂಟರಿನತ್ತ ತಿರುಗಿದರು. ಇಸ್ತ್ರಿ ಪೆಟ್ಟಿಗೆಯನ್ನು ಜಪ್ತು ಮಾಡಿ, ಇಳಿಯುವ ದಿನ ಮರಳಿ ಕೊಡುತ್ತಾರಂತೆ. ಅದಕ್ಕೆ ಕಂಪ್ಯೂಟರಿನಲ್ಲಿ ಒಂದು ಫಾರ್ಮು ತುಂಬಬೇಕು. ತುಂಬದೆ ಬ್ಯಾಗು ಬಿಡುವಂತಿಲ್ಲ.

ಫಾರ್ಮಿನಲ್ಲಿ ಇಸ್ತ್ರಿ ಎಂದು ಒತ್ತಿದರೆ ಮುಂದಿನ ಪ್ರಶ್ನೆ ಬಂತು. ಅಧಿಕಾರಿ ತಲೆ ಎತ್ತಿ ಕೇಳಿದರು.

"ಎಷ್ಟು ವ್ಯಾಟ್?"

ಕಾಕಾ ಎರಡೂ ಕೈ ಜೋಡಿಸಿ ತೋರಿಸಿದರು. "ಎರಡು ಬೊಗಸಿ."

ಕಂಪ್ಯೂಟರ್ ಬೊಗಸೆ ತೆಗೆದುಕೊಳ್ಳಲಿಲ್ಲ. ಮೇಲಿನ ಸಾಹೇಬರು ಬಂದು ಸಹಿ ಮಾಡಬೇಕು, ಅವರು ಒಂಬತ್ತಕ್ಕೆ ಬರುತ್ತಾರೆ ಎಂದರು. ಊಟದ ಹಾಲಿನ ಬಾಗಿಲು ಎಂಟಕ್ಕೆ ಮುಚ್ಚುತ್ತದೆ. ಆಗ ಏಳೂಕಾಲು. ಮೆಟ್ಟಿಲು ಹತ್ತುವಾಗ ಕಾಕಾ ಬನಿಯನ್ನಿನ ಸುಕ್ಕನ್ನು ಕೈಯಿಂದ ತೀಡುತ್ತಿದ್ದರು. ನನಗೆ ನಿಜವಾಗಿಯೂ ಕೆಟ್ಟದೆನಿಸಿತು. ಆ ಹಾಳೆ ಓದಿ ಹೇಳಿದವನು ನಾನೇ ತಾನೆ.

೪. ಒಂದೇ ಥಾನಿನವರು

ನಾವು ಕೆಳಗೆ ಇದ್ದಾಗ ಉಳಿದವರು ಹೊಸ ಬಟ್ಟೆ ಹಾಕಿಕೊಂಡು ಊಟದ ಹಾಲಿನ ಹೊರಗಿನ ಸೋಫಾಗಳ ಮೇಲೆ ಬಂದು ಕೂತಿದ್ದರು. ಬಿಳಿ ಅಂಗಿ, ಕರಿ ಪ್ಯಾಂಟು. ಹಡಗಿನಲ್ಲಿ ಬಡಿಸುವವರ ಬಟ್ಟೆಯೂ ಬಿಳಿ ಅಂಗಿ, ಕರಿ ಪ್ಯಾಂಟು ಎಂದು ನಮಗೆ ಯಾರೂ ಹೇಳಿರಲಿಲ್ಲ. ಹಾಳೆಯಲ್ಲಿ ಅದು ಇರಲಿಲ್ಲ.

ನಾನು ಬಂದು ನೋಡುವಾಗ ಮಾಮಾ ಎರಡು ಕೈಯಲ್ಲಿ ನಾಲ್ಕು ಗ್ಲಾಸು ನೀರು ಹಿಡಿದುಕೊಂಡು ಹೊರಟಿದ್ದರು. ತಲೆಯ ಮೇಲೆ ಪಟಗಾ ಇದ್ದುದರಿಂದ ಜನ ಅವರನ್ನು ಬಡಿಸುವವರ ಮೇಸ್ತ್ರಿ ಎಂದು ತಿಳಿದಿದ್ದರು.

"ಮಾಮಾ, ಏನ್ ಮಾಡಾಕತ್ತೀರಿ?"

"ಆ ಹೆಣ್ಮಗಳು ನೀರ್ ಕೇಳಿದ್ಲು. ಕೇಳಿದವ್ರಿಗೆ ಇಲ್ಲ ಅನ್ನೂದು ಹ್ಯಾಂಗ?"

"ಅವರು ನಿಮ್ಮನ್ನ ಇಲ್ಲಿ ಕೆಲಸಕ್ಕ ಇದ್ದಾವ್ರು ಅಂತ ತಿಳದಾರ್ರಿ."

"ನನಗ ತಿಳೀತು. ಅದಕ್ಕ ಸಾವಕಾರ್ರನ್ನ ಚಾ ತರಾಕ ಕಳಿಸೇನಿ."

ಸಾವಕಾರರು ದೂರದಿಂದ ತಟ್ಟೆಯಲ್ಲಿ ಆರು ಚಹಾ ಇಟ್ಟುಕೊಂಡು, ಒಂದು ಹನಿ ಚೆಲ್ಲದಂತೆ ನೋಡುತ್ತ ನಡೆದು ಬರುತ್ತಿದ್ದರು. ಹುಕ್ಕೇರಿಯಲ್ಲಿ ಅವರ ಅಂಗಡಿಗೆ ಹೋದ ನನಗೆ ಅವರು ಇವತ್ತಿನ ತನಕ ಚಹಾ ಕುಡಿಸಿಲ್ಲ.

೫. ಬಾಗಿಲಲ್ಲಿ ಆಯೇರ

ಎಂಟಕ್ಕೆ ಹತ್ತು ನಿಮಿಷ ಇತ್ತು. ಹಾಲಿನ ಬಾಗಿಲಲ್ಲಿ ಕರಿ ಕೋಟಿನ ಮ್ಯಾನೇಜರು ನಿಂತಿದ್ದರು. ಒಳ್ಳೆಯ ಮನುಷ್ಯ, ಕೈ ಮುಗಿದೇ ಇಲ್ಲ ಎಂದರು. ಬನಿಯನ್ನಿನಲ್ಲಿ ಒಳಗೆ ಬಿಡುವಂತಿಲ್ಲ, ಮಾಮಾನ ಪಟಗಾ ಕೂಡ ತೆಗೆಯಬೇಕು. ಬೇಕಿದ್ದರೆ ಮೇಲಿನ ಮಹಡಿಯಲ್ಲಿ ಇನ್ನೊಂದು ಊಟವಿದೆ, ಅಲ್ಲಿ ಬಟ್ಟೆಯ ನಿಯಮವಿಲ್ಲ, ತಾವೇ ಬಡಿಸಿಕೊಂಡು ಉಣ್ಣಬಹುದು ಎಂದರು.

ನಾನು ಅದನ್ನು ಕನ್ನಡದಲ್ಲಿ ಹೇಳಿದ ಕೂಡಲೇ ಕಾಕುವಿನ ಮುಖ ಅರಳಿತು. "ಛಲೋ ಆತಲ್ರಿ. ನಡೀರಿ ಮ್ಯಾಲ ಹೋಗೂಣು, ನಾ ಬಡಸತೇನಿ."

ಕಾಕಾ ಕಾಜಿನ ಬಾಗಿಲಿನಾಚೆ ನೋಡಿದರು. ಕಿಟಕಿಯ ಬಾಜೂಕ್ಕೆ ಎರಡು ಕುರ್ಚಿಯ ಒಂದು ಟೇಬಲ್, ಅದರ ಮೇಲೆ ಹೂ. "ಆ ಟೇಬಲ್ ನಮ್ದು," ಎಂದರು, ಯಾರಿಗೂ ಅಲ್ಲದಂತೆ.

ಮಾಮಾ ಕೇಳಿದರು, "ಇವತ್ತ ಏನೈತಿ ಅಂತ ಈ ಕೋಟಿನವ್ರಿಗೆ ಹೇಳೀಯೋ ಇಲ್ಲೋ?" ನಾನು ಹೇಳಿರಲಿಲ್ಲ. ಹೇಳಿದೆ. ಮ್ಯಾನೇಜರು ಶುಭಾಶಯ ಎಂದರು, ಬಾಗಿಲು ಬಿಡಲಿಲ್ಲ. ಮಾಮಾ ಹಿಂದೆ ತಿರುಗಿ, "ಊಟ ಆದಮ್ಯಾಲ ಮಾಡೂ ಆಯೇರ ಈಗ ಮಾಡೂಣು, ತಗೊಂಡ ಬರ್ರಿ," ಎಂದರು.

ನಮ್ಮ ಕಡೆ ಇಂಥ ದಿನ ಬಟ್ಟೆ ಉಡಿಸಿ ಆಯೇರ ಮಾಡದೆ ಬಿಡುವ ಪದ್ಧತಿ ಇಲ್ಲ. ಹನ್ನೊಂದು ಬ್ಯಾಗಿನಲ್ಲೂ ಆ ದಂಪತಿಗೆಂದು ಒಂದೊಂದು ಗಂಟು ಇತ್ತು. ಐದು ನಿಮಿಷದಲ್ಲಿ ಬಂದವು. ಸಾವಕಾರರು ಪಾಯಜಾಮದ ಮೇಲೆಯೇ ಜರಿಯಂಚಿನ ಧೋತರ ಉಡಿಸಿದರು. ಯಾರೋ ಬನಿಯನ್ನಿನ ಮೇಲೆ ಶಾಲು ಹೊದಿಸಿ ಪಿನ್ನು ಹಾಕಿದರು. ಮಾಮಾ ಗುಲಾಬಿ ಪಟಗಾ ಸುತ್ತಿದರು. ಗುಂಪಿನ ಹೆಂಗಸರು ಕಾಕುವಿಗೆ ಉಡಿ ತುಂಬಿದರು. ಹವಾಯಿ ಚಪ್ಪಲಿ ಮಾತ್ರ ಉಳಿದಿತ್ತು, ನಾನು ನನ್ನ ಬೂಟು ಬಿಚ್ಚಿಕೊಟ್ಟೆ. ಎರಡು ನಂಬರ್ ದೊಡ್ಡವು.

ನಾನು ಕನ್ನಡಕ ಹಾಕಿಕೊಂಡು, ಹಾಳೆಯ ಸಣ್ಣ ಅಕ್ಷರವನ್ನು ಮ್ಯಾನೇಜರಿಗೆ ತೋರಿಸಿದೆ. ಅವರು ಓದಿ, ಕಾಕಾನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು.

"ಇದು ರಾಷ್ಟ್ರೀಯ ಉಡುಪೇ?"

"ಸದ್ಯಕ್ಕೆ ಜಿಲ್ಲಾ ಮಟ್ಟದ್ದು," ಎಂದೆ.

ಅವರು ನಕ್ಕಂತೆ ಕಂಡಿತು. ಆದರೆ ಬೆರಳು ತಲೆಯತ್ತ ಹೋಯಿತು. ಪಟಗಾ.

ಆಗ ಮಾಮಾ ಮಾಡಿದ್ದನ್ನು ನಾನು ಯೋಚಿಸಿ ಮಾಡಿದ್ದು ಎನ್ನಲಾರೆ. ಆಯೇರ ನಡೆಯುವಲ್ಲಿ ಎದುರು ನಿಂತವನನ್ನು ಬರಿದಲೆಯಲ್ಲಿ ಬಿಡುವುದು ಅವರಿಗೆ ಗೊತ್ತಿಲ್ಲ. ಮ್ಯಾನೇಜರ ಹಣೆಗೆ ಕುಂಕುಮ ಹಚ್ಚಿ, ಕೈಗೆ ಟಾವೆಲ್, ಕರದಂಟಿನ ಡಬ್ಬಿ ಇಟ್ಟು, ತಲೆಗೆ ಕೇಸರಿ ಪಟಗಾ ಸುತ್ತಿಯೇ ಬಿಟ್ಟರು. "ಇವರ ಊಟ ಮುಗಿಯೂತನ ಇದನ್ನ ಬಿಚ್ಚೂ ಹಂಗಿಲ್ಲ ಅಂತ ಹೇಳು. ಗಂಡ ಹೆಂಡತಿಗೆ ಒಳ್ಳೇದಲ್ಲ." ಹೇಳಿದೆ. ಮ್ಯಾನೇಜರು ಕಾಜಿನಲ್ಲಿ ತಮ್ಮನ್ನು ತಾವು ನೋಡಿಕೊಂಡರು. ಆಮೇಲೆ ತಲೆಯ ಬಗ್ಗೆಯಾಗಲಿ ನನ್ನ ಬರಿಗಾಲಿನ ಬಗ್ಗೆಯಾಗಲಿ ಯಾರಿಗೂ ಏನೂ ಹೇಳದೆ ಬಾಗಿಲು ತೆಗೆದರು.

ಇನ್ನು ಮುಗಿಯಿತು ಎಂದುಕೊಂಡೆ. ಮುಗಿದಿರಲಿಲ್ಲ. ಟೇಬಲಿಗೆ ಬಂದದ್ದನ್ನು ನೋಡಿ ಕಾಕಾಗೆ ಸಮಾಧಾನವಾಗಲಿಲ್ಲ, ಇಷ್ಟು ಸಣ್ಣ ಚಮಚೆಯಲ್ಲಿ ಬಡಿಸಿದರೆ ಹೊಟ್ಟೆ ತುಂಬುತ್ತದೆಯೇ ಎಂದು ಎದ್ದು, ಬಡಿಸುವವನ ಕೈಯಿಂದ ಪಾತ್ರೆ ಇಸಿದುಕೊಂಡು ಕಾಕುವಿಗೆ ತಾವೇ ಬಡಿಸಿದರು. ಧೋತರ, ಶಾಲು, ಪಟಗಾ ತೊಟ್ಟು ಬಡಿಸುವವರನ್ನು ಕಂಡು ಬಾಜೂ ಟೇಬಲಿನವರು ಇದು ಹಡಗಿನ ವಿಶೇಷ ವ್ಯವಸ್ಥೆ ಎಂದು ತಿಳಿದು ತಟ್ಟೆ ಮುಂದೆ ಮಾಡಿದರು. ಕಾಕಾ ಅವರಿಗೂ ಬಡಿಸಿದರು. ಅದರಾಚೆಯ ಟೇಬಲಿಗೂ ಹೋದರು. ಕಾಕು ಒಬ್ಬರೇ ಕೂತು ನಿಧಾನಕ್ಕೆ ಉಂಡರು. ಕಾಕಾ ಮರಳಿ ಬಂದು ಕುರ್ಚಿಯಲ್ಲಿ ಕೂತ ಕೂಡಲೇ ಅವರು ಎದ್ದು ನಿಂತರು.

"ನಂದು ಉಂಡ ಆತು. ಈಗ ನೀವು ಉಣ್ರಿ, ನಾ ಬಡಸತೇನಿ."

ಕಾಕಾ ಶಾಲಿನ ತುದಿಯಿಂದ ಕಣ್ಣು ಒರೆಸಿಕೊಂಡರು. ನಾನು ನನ್ನ ತಟ್ಟೆ ನೋಡುತ್ತ ಕೂತೆ.

ಬಾಗಿಲಿನಿಂದ ಮ್ಯಾನೇಜರು ಬಂದರು. ಪಟಗಾ ಸ್ವಲ್ಪ ಎಡಕ್ಕೆ ವಾಲಿತ್ತು. ಕಾಕುವಿನ ಎದುರು ನಿಂತು, ಈ ಹಾಲಿನಲ್ಲಿ ಅತಿಥಿಗಳು ನಿಲ್ಲುವಂತಿಲ್ಲ, ಬಡಿಸುವಂತಿಲ್ಲ, ನಿಯಮ ನಿಯಮವೇ ಎಂದರು. ಹಾಳೆಯಲ್ಲಿ ಅಂಥದ್ದು ಇರಲಿಲ್ಲ, ನಾನು ಎರಡು ಸಲ ಓದಿದ್ದೆ. ಆದರೂ ಕಾಕುವಿಗೆ ಅದನ್ನೇ ಕನ್ನಡದಲ್ಲಿ ಹೇಳಿದೆ. ಕೋಟು ಹಾಕಿದವರು ಹೇಳಿದ್ದು, ಕಾಕು ಕೂತರು. ಮ್ಯಾನೇಜರು ಪಾತ್ರೆ ತೆಗೆದುಕೊಂಡು ಇಬ್ಬರಿಗೂ ಸಮನಾಗಿ ಬಡಿಸಿದರು. ಕಾಕು ಗಂಡನ ಬಾಜೂಕ್ಕೆ ಕೂತು ಎರಡನೇ ಸಲ ಉಂಡರು.

ಒಂಬತ್ತಕ್ಕೆ ತಪಾಸಣೆ ಕೋಣೆಯ ಅಧಿಕಾರಿ ಬಾಗಿಲಲ್ಲಿ ಕಾಣಿಸಿಕೊಂಡರು. ಮೈಮೇಲೆ ಸಮವಸ್ತ್ರ, ತಲೆಯ ಮೇಲೆ ಟೋಪಿ, ಕೈಯಲ್ಲಿ ಕೆಂಪು ಗುರುತಿನ ಬ್ಯಾಗು. ಒಳಗೆ ಒಂದು ಹೆಜ್ಜೆ ಇಟ್ಟರು. ಕಾಕಾ ತಿರುಗಿ ನೋಡಲಿಲ್ಲ, ಅವರು ಉಣ್ಣುತ್ತಿದ್ದರು. ಕೇಸರಿ ಪಟಗಾ ಸುತ್ತಿದ್ದ ಮ್ಯಾನೇಜರೇ ಹೋಗಿ ಅಡ್ಡ ನಿಂತು, ಕೈ ಮುಗಿದು ಹೇಳಿದರು:

"ಕ್ಷಮಿಸಿ, ತಲೆಯ ಮೇಲೆ ಏನೂ ಇರಬಾರದು."