ಹಿತ್ತಲ ಗುಬ್ಬಿಗೂಡಿಗೆ ಹದಿನೈದು ದಿನ

ಇಂದ:
ಪರಮಾನಂದ, ನಿವೃತ್ತ ಪ್ರಥಮ ದರ್ಜೆ ಸಹಾಯಕ,
ಸದ್ಯ ಟಿವಿ ಎದುರಿನ ಕುರ್ಚಿ, ಜಮಖಂಡಿ.

ಗೆ:
ಶ್ರೀಮತಿ ತಾಯವ್ವನವರು,
ಅರ್ಜಿದಾರನ ಧರ್ಮಪತ್ನಿ ಹಾಗೂ ಈ ಮನೆಯ ಸಕ್ಷಮ ಪ್ರಾಧಿಕಾರ,
ಅಡುಗೆಮನೆ, ಜಮಖಂಡಿ.

ದಿನಾಂಕ: ೨೧-೦೩-೨೦೧೪, ಶುಕ್ರವಾರ

ವಿಷಯ: ಹಿತ್ತಲ ಗೋಡೆ ಕೆಡವುವ ಕಾಮಗಾರಿಯನ್ನು ಹದಿನೈದು ದಿನ ಮುಂದೂಡುವ ಕುರಿತು.

ಉಲ್ಲೇಖ: ನಿನ್ನೆ ಸಂಜೆ ರೊಟ್ಟಿ ಬಡಿಯುತ್ತ ತಾವು ಹೊರಡಿಸಿದ ಮೌಖಿಕ ಆದೇಶ.

ಮಾನ್ಯರೇ,

ಮೇಲ್ಕಾಣಿಸಿದ ವಿಷಯವನ್ನು ಅರ್ಜಿದಾರನು ಬಾಯಿಮಾತಿನಲ್ಲಿ ಅರಿಕೆ ಮಾಡಿಕೊಂಡಾಗ ತಾವು, "ಏನೈತಿ ಬರದು ಕೊಡ್ರಿ. ಮೂವತ್ತೊಂದು ವರ್ಷ ಮಂದೀಗೆ ನೀವೂ ಇದನ್ನ ಹೇಳೀರಿ" ಎಂದು ಅಪ್ಪಣೆ ಕೊಡಿಸಿದ ಕಾರಣ ಈ ಅರ್ಜಿ.

೧. ನಿವೃತ್ತಿಯ ನಂತರ ಬೇರೆ ಉದ್ಯೋಗವಿಲ್ಲದ ಕಾರಣ ಅರ್ಜಿದಾರನು ಹಿತ್ತಲ ಗೋಡೆಗೆ ಗುಬ್ಬಿಗಳಿಗಾಗಿ ಒಂದು ಕಟ್ಟಿಗೆಯ ಡಬ್ಬಿ ಬಡಿದದ್ದು ತಮಗೆ ತಿಳಿದೇ ಇದೆ. ಬನಹಟ್ಟಿಯ ನೂಲಿನ ಅಂಗಡಿಗಳಿಗೆ ಕಳ್ಳರನ್ನು ಹಿಡಿಯುವ ಕ್ಯಾಮೆರಾ ಕೂಡಿಸುವ ದುರಗೇಶನಿಂದ ಆ ಡಬ್ಬಿಯೊಳಗೆ ಹೆಬ್ಬೆರಳಿನಷ್ಟು ಕ್ಯಾಮೆರಾ ಕೂಡಿಸಿ, ಅದರ ವಾಯರನ್ನು ತಮ್ಮ ಧಾರಾವಾಹಿಯ ಟಿವಿಗೆ ಜೋಡಿಸಿದ್ದು ಮಾತ್ರ ಪೂರ್ವಾನುಮತಿಯಿಲ್ಲದೆ ನಡೆದ ಕೃತ್ಯ. "ಇದರಾಗ ಏನ್ ಕಳುವಾಗತೈತ್ರಿ ಸಾಹೇಬ್ರ?" ಎಂದು ದುರಗೇಶ ಕೇಳಿದಾಗ ಅರ್ಜಿದಾರನು ಅವನ ಏಣಿಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡನು.

೨. ಗುಬ್ಬಿ ಜೋಡಿ ಬಂದು ಮೂರು ತತ್ತಿ ಇಟ್ಟಿತು. ಹಳೆಯ ಚಟ ಬಿಡದ ಕಾರಣ ಅರ್ಜಿದಾರನು ಅವುಗಳಿಗೊಂದು ಹಾಜರಿ ಪುಸ್ತಕ ತೆರೆದನು. ಗಂಡು ಗುಬ್ಬಿ ೧೦.೧೦ಕ್ಕೆ ಹೊರಗೆ, ೧೦.೧೪ಕ್ಕೆ ಒಳಗೆ. ಅರ್ಜಿದಾರನು ತನ್ನ ಸೇವಾವಧಿಯಲ್ಲಿ ಚಹಾಕ್ಕೆಂದು ಎದ್ದು ಇಷ್ಟು ಬೇಗ ಮರಳಿದ ದಾಖಲೆ ಎಲ್ಲಿಯೂ ಇಲ್ಲ. ಹೆಣ್ಣು ಗುಬ್ಬಿಯ ಎಡ ರೆಕ್ಕೆಯಲ್ಲಿ ಒಂದು ಗರಿ ಕಡಿಮೆಯಿರುವುದನ್ನು ಮೊದಲ ದಿನವೇ ಪತ್ತೆ ಹಚ್ಚಿದ ಸದರಿ ಅರ್ಜಿದಾರ, ತಾವು ದವಡೆ ಹಲ್ಲು ಕೀಳಿಸಿಕೊಂಡು ಬಂದದ್ದನ್ನು ಐದನೆಯ ದಿನ, ಅದೂ ತಾವೇ ಬಾಯಿ ತೆರೆದು ತೋರಿಸಿದ ಮೇಲೆ, ತಿಳಿದುಕೊಂಡನು. ಈ ಬಗ್ಗೆ ಯಾವ ಸಮಜಾಯಿಷಿಯೂ ಇರುವುದಿಲ್ಲ.

೩. ನಿನ್ನೆ ಬೆಳಿಗ್ಗೆ ಮೂರೂ ತತ್ತಿ ಒಡೆದು ಮರಿಗಳಾದವು. ಅವು ಹಾರಲು ಹದಿನೈದು ದಿನ ಬೇಕು. ಗೌಂಡಿ ಮಲಕಾಜಪ್ಪನಾದರೋ ಬರುವ ಸೋಮವಾರವೇ ಬಂದು ಅದೇ ಗೋಡೆ ಕೆಡವಿ, ಹೊಸ ಬಚ್ಚಲು ಕಟ್ಟಲು ಕೈ ಹಚ್ಚುವವನಿದ್ದಾನೆ. ಸೋಮವಾರ ತಪ್ಪಿದರೆ "ನಾ ಮುಧೋಳದ ಕೆಲಸಕ್ಕ ಹೊಕ್ಕೇನ್ರಿ, ಮತ್ತ ದೀಪಾವಳಿಗೇ ನೋಡ್ರಿ" ಎಂದು ಅವನು ಖಡಾಖಂಡಿತವಾಗಿ ಹೇಳಿದ್ದಾನೆ. ಬಾಗಿಲು ಪೂರ್ತಿ ಮುಚ್ಚದ ತಗಡಿನ ಬಚ್ಚಲಲ್ಲಿ ತಾವು ಹನ್ನೊಂದು ವರ್ಷದಿಂದ ಜಳಕ ಮಾಡುತ್ತಿದ್ದೀರಿ. ಆದ್ದರಿಂದ ಅರ್ಜಿದಾರನು ಕೇಳುತ್ತಿರುವುದು ಹದಿನೈದು ದಿನವಾದರೂ ತಾವು ಕೊಡಬೇಕಾದದ್ದು ಏಳು ತಿಂಗಳು. ಇದನ್ನು ಮುಚ್ಚಿಡುವುದು ಸರಿಯಲ್ಲವೆಂದು ಇಲ್ಲಿ ನಮೂದಿಸಲಾಗಿದೆ.

೪. ಡಬ್ಬಿಯನ್ನೇ ಬೇವಿನ ಗಿಡಕ್ಕೆ ಸ್ಥಳಾಂತರಿಸಬಹುದೆಂಬ ತಮ್ಮ ಸಲಹೆಯನ್ನು ಪರಿಶೀಲಿಸಲಾಯಿತು. ಡಬ್ಬಿಯ ಜಾಗ ಬದಲಾದರೆ ತಾಯಿ ಗುಬ್ಬಿ ಹಳೆಯ ಗೋಡೆಗೇ ಬಂದು ಮರಿಗಳನ್ನು ಹುಡುಕುತ್ತದೆ. ಹಾಗೆಂದಾಗ ತಾವು, "ಊರಿಗೂರ ಎತ್ತಿಸಿ ಬಂದವ್ರಿಗೆ ಒಂದು ಡಬ್ಬಿ ಎತ್ತಿಡಾಕ ಆಗೂದಿಲ್ಲೇನ್ರಿ?" ಎಂದಿರಿ. ಅರ್ಜಿದಾರನು ಅರ್ಧ ರೊಟ್ಟಿ ಬಿಟ್ಟು ಎದ್ದದ್ದು ಸಿಟ್ಟಿನಿಂದಲ್ಲ.

೫. ೧೯೯೯ರಲ್ಲಿ, ಬೀಳಗಿ ಕಡೆಯ ಒಂದು ಹಳ್ಳಿ ಅಣೆಕಟ್ಟಿನ ಹಿನ್ನೀರಿಗೆ ಹೋಗುವುದಿತ್ತು. ಅಲ್ಲಿ ಮನೆಗಳನ್ನು ಖಾಲಿ ಮಾಡಿಸುವ ಕೆಲಸ ಅರ್ಜಿದಾರನದು. ಕಸ್ತೂರೆವ್ವ ಎಂಬ ಹೆಣ್ಣುಮಗಳು, ತನ್ನ ಕೋಳಿ ಕಾವಿಗೆ ಕೂತಿದೆ, ಹದಿನೈದು ದಿನ ಕೊಡಬೇಕು ಎಂದು ಯಾರಿಂದಲೋ ಅರ್ಜಿ ಬರೆಸಿಕೊಂಡು ಬಂದಳು. "ಮರಿ ಆಗೂ ಮಟ ತಡೀರಿ ಸಾಹೇಬ್ರ, ನೀರು ಇನ್ನೂ ದೂರ ಐತಿ" ಎಂದಳು. ನೀರು ಖರೆಯೇ ದೂರವಿತ್ತು, ಮುಂದೆ ಎರಡು ತಿಂಗಳಾದರೂ ಬರಲಿಲ್ಲ. ಅರ್ಜಿದಾರನು ನಕ್ಕು, 'ನಿಯಮಗಳಲ್ಲಿ ಅವಕಾಶವಿಲ್ಲ' ಎಂದು ಷರಾ ಬರೆದನು. ಅವಳು ಕೋಳಿಯನ್ನೂ ತತ್ತಿಗಳನ್ನೂ ಬುಟ್ಟಿಯಲ್ಲಿಟ್ಟುಕೊಂಡು ಟ್ರ್ಯಾಕ್ಟರ್ ಹತ್ತಿದಳು. ಹೊಸ ಜಾಗದಲ್ಲಿ ಕೋಳಿ ಮತ್ತೆ ಕಾವಿಗೆ ಕೂಡಲಿಲ್ಲವೆಂದು ಆಮೇಲೆ ತಿಳಿಯಿತು. ಈ ಸಂಗತಿಯನ್ನು ಅರ್ಜಿದಾರನು ಮನೆಗೆ ಬಂದು ತಮಾಷೆ ಮಾಡಿ ಹೇಳಿದ್ದೂ, ತಾವು ನಗದೇ ಇದ್ದದ್ದೂ ಅವನಿಗೆ ನೆನಪಿದೆ. ಈಗ ಟಿವಿಯಲ್ಲಿ ಆ ಮರಿಗಳು ಬಾಯಿ ತೆರೆದಾಗಲೆಲ್ಲ ಅವನಿಗೆ ನಾಚಿಕೆಯಾಗುತ್ತದೆ.

ಆದ್ದರಿಂದ, ಮೇಲಿನ ಕಾರಣಗಳನ್ನು ಮನಗಂಡು, ಬರುವ ಏಪ್ರಿಲ್ ಐದರವರೆಗೆ ಗೋಡೆಗೆ ಹಾರೆ ತಾಗದಂತೆ ಆದೇಶಿಸಬೇಕಾಗಿ ಪ್ರಾರ್ಥನೆ. ಇದಕ್ಕೆ ಬದಲಾಗಿ ಅರ್ಜಿದಾರನು ಇಂದೇ ಬಚ್ಚಲ ಬಾಗಿಲಿಗೆ ಹೊಸ ಚಿಲಕ ಹಾಕುವನು, ಮತ್ತು ಬೇರೆ ಗೌಂಡಿ ಸಿಗುವವರೆಗೆ ರಬಕವಿ, ಬನಹಟ್ಟಿ, ಬೀಳಗಿ ಎಲ್ಲ ಕಡೆ ತಾನೇ ಅಲೆಯುವನು.

ತಮ್ಮದೇ ಸೂರಿನಡಿ ಉಂಡು ಮಲಗುವ ವಿಶ್ವಾಸಿ,
ಪರಮಾನಂದ

ಲಗತ್ತುಗಳು:
೧. ಗುಬ್ಬಿಗಳ ಹಾಜರಿ ಪುಸ್ತಕ.
೨. ಟಿವಿ ರಿಮೋಟ್, ಸಂಜೆಯ ಧಾರಾವಾಹಿಗಳು ಮುಗಿಯುವವರೆಗೆ ತಮ್ಮ ವಶಕ್ಕೆ.
೩. ಕಸ್ತೂರೆವ್ವನ ಅರ್ಜಿ. ಲಗತ್ತಿಸಲಾಗಿಲ್ಲ. ಹಳೆಯ ಕಚೇರಿಯ ಕಡತದಲ್ಲಿದೆ, ಅರ್ಜಿದಾರನ ಸಹಿಯೊಂದಿಗೆ.

ವಿ.ಸೂ.: ಈ ಅರ್ಜಿಯನ್ನು ತಿರಸ್ಕರಿಸುವುದಾದಲ್ಲಿ, ಆ ಸಂಗತಿಯನ್ನು ತಾಯಿ ಗುಬ್ಬಿಗೆ ತಾವೇ ಖುದ್ದಾಗಿ ತಿಳಿಸಬೇಕಾಗಿ ವಿನಂತಿ. ಅರ್ಜಿದಾರನು ಆ ಕೆಲಸವನ್ನು ಒಮ್ಮೆ ಮಾಡಿದ್ದು, ಇನ್ನೊಮ್ಮೆ ಅವನ ಕೈಲಾಗುವುದಿಲ್ಲ.