ಮಾವನ ಇಂಗ್ಲೆಂಡಿನ ಮನೆತನ

ನಮ್ಮ ಸೋದರಮಾವನಿಗೆ ಇಂಗ್ಲೆಂಡಿನಲ್ಲಿ ಒಂದು ಅರಮನೆ ಇದೆ. ನಂಬಿಕೆ ಬರುವುದಿಲ್ಲವೇ? ಅವರೆದುರು ಸ್ವಲ್ಪ ಹೊತ್ತು ಕೂತು ನೋಡಿ, ಹೆಬ್ಬಾಗಿಲಿನಿಂದ ಕುದುರೆ ಲಾಯದವರೆಗೆ ಸುತ್ತಾಡಿಸಿ ತರುತ್ತಾರೆ. ಬಾಡಿಗೆಗಿರುವುದು ಮಾತ್ರ ರಾಮಮೂರ್ತಿ ನಗರದ ಒಂದು ಮಹಡಿ ಮನೆಯಲ್ಲಿ. ಪಾಸ್‌ಪೋರ್ಟ್ ಕೂಡ ಇಲ್ಲ!

ಸಂಗತಿ ಇಷ್ಟೆ. ಮಾವನ ತಾತ ಬ್ರಿಟಿಷರ ಕಾಲದಲ್ಲಿ ದಂಡು ಪ್ರದೇಶದ, ಅಂದರೆ ಕಂಟೋನ್ಮೆಂಟಿನ, ಒಂದು ಬಂಗಲೆಯಲ್ಲಿ ಬಟ್ಲರ್ ಆಗಿದ್ದರು. ಅಲ್ಲಿದ್ದ ದೊರೆ ಇಂಗ್ಲೆಂಡಿನ ಯಾವುದೋ ಹಳ್ಳಿಗಾಡಿನ ದೊಡ್ಡ ಮನೆತನದ ಕಿರಿಮಗ. ಊರಿಗೆ ಹಿಂತಿರುಗುವಾಗ ಆತ ತನ್ನ ಮನೆಯದೊಂದು ಫೋಟೊಗೆ ಕಟ್ಟು ಹಾಕಿಸಿ ತಾತನ ಕೈಗಿಟ್ಟು ಹೋದ. ಬೇರೆಯವರಾಗಿದ್ದರೆ ಫೋಟೊ ತೆಗೆದು ಆ ಕಟ್ಟಿಗೆ ತಿರುಪತಿ ತಿಮ್ಮಪ್ಪನನ್ನು ಹಾಕುತ್ತಿದ್ದರು. ನಮ್ಮ ಮಾವನಿಗೆ ಅದು ಹುಚ್ಚಾಗಿ ಹತ್ತಿಕೊಂಡಿತು. ಮೊಬೈಲ್ ಬಂದ ಮೇಲಂತೂ ಕೇಳಬೇಡಿ! ಆ ಮನೆತನದ ಹುಟ್ಟು, ಸಾವು, ಜಗಳ, ಯಾರು ಯಾವ ಕೋಣೆಯಲ್ಲಿ ಪ್ರಾಣಬಿಟ್ಟರು, ಎಲ್ಲವನ್ನೂ ಹುಡುಕಿ ಹುಡುಕಿ ಬಾಯಿಪಾಠ ಮಾಡಿದರು. ಹುಟ್ಟಿದವರಿಗಿಂತ ಸತ್ತವರ ಕಥೆಯೇ ಹೆಚ್ಚು. ಹಾಗಾಗಿ ಮಾವನದು ಸದಾ ಸೂತಕದ ಮುಖ.

ಮಳೆಗಾಲದಲ್ಲಿ ಒಮ್ಮೆ ಅಡುಗೆಮನೆ ಸೋರುತ್ತಿತ್ತು. ಅತ್ತೆ ಪಾತ್ರೆ ಇಟ್ಟು ಇಟ್ಟು ಸಾಕಾಗಿ, "ರೀ, ಓನರ್‌ಗೆ ಒಂದು ಫೋನ್ ಮಾಡ್ರೀ" ಎಂದರು.

"ಸೋರೋದೇನು ದೊಡ್ಡ ವಿಷಯ ಅಲ್ಲ ಕಣೇ. ಮೂರನೇ ದೊರೆ ಕಾಲದಲ್ಲಿ ಅವರ ಮನೇನೂ ಸೋರ್ತಿತ್ತು."

"ಅವರಿಗೆ ಒರೆಸೋಕೆ ಆಳುಗಳಿದ್ರು. ಇಲ್ಲಿರೋದು ನಾನೊಬ್ಬಳೇ!"

ಇದನ್ನಾದರೂ ಕ್ಷಮಿಸಬಹುದು. ನನ್ನನ್ನು ನೋಡಲು ಕೆ.ಆರ್. ಪುರದಿಂದ ಗಂಡಿನ ಕಡೆಯವರು ಮಾವನ ಮನೆಗೆ ಬಂದಾಗ ಮಾಡಿದ್ದನ್ನು ಹೇಗೆ ಕ್ಷಮಿಸುವುದು? ಹುಡುಗನ ತಂದೆ ಮರ್ಯಾದೆಗೆಂದು, "ನಿಮ್ಮ ಹಿರಿಯರೆಲ್ಲ ಏನ್ ಮಾಡ್ಕೊಂಡಿದ್ರು?" ಎಂದು ಕೇಳಿದರು. ಗೋಡೆಯ ಫೋಟೊ ನೋಡಿ ಮಾವ ನಿಟ್ಟುಸಿರಿಟ್ಟರು. "ಏನ್ ಹೇಳ್ಲಿ ಸ್ವಾಮಿ. ಐದನೆಯವರು ಇಸ್ಪೀಟಲ್ಲಿ ಕಾಡನ್ನೇ ಕಳ್ಕೊಂಡ್ರು. ಅವರ ತಮ್ಮ ಅಡುಗೆಯವಳ ಜೊತೆ ಓಡಿಹೋದ್ರು. ಆರನೆಯವರು ತಲೆ ಕೆಟ್ಟು ಕೆರೆಗೆ ಬಿದ್ರು." ಕೇಸರಿಬಾತಿನ ಚಮಚಗಳು ತಟ್ಟೆಗೆ ಇಳಿದವು. ಹುಡುಗನ ತಾಯಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಹುಡುಗಿಗೆ ಅಂಥದ್ದೇನೂ ಇಲ್ವಲ್ಲ?" ಎಂದರು. ಆ ಸಂಬಂಧ ಅಲ್ಲಿಗೇ ಮುಗಿಯಿತು.

ಆ ಮನೆತನವೂ ಮುಗಿಯಿತು. ಕೊನೆಯ ದೊರೆಯ ಒಬ್ಬನೇ ಮಗ ಯುದ್ಧದಲ್ಲಿ ಸತ್ತ, ಮನೆ ಕೈಬಿಟ್ಟುಹೋಗಿ ಈಗ ಹೋಟೆಲ್ ಆಗಿದೆ. ಅದು ತಿಳಿದ ದಿನ ಮಾವ ಊಟ ಮಾಡಲಿಲ್ಲ. ಮಾವ-ಅತ್ತೆಗೆ ಮಕ್ಕಳಿಲ್ಲ. ಆ ದುಃಖಕ್ಕೆ ಇದೂ ಒಂದು ಕಾರಣವಿರಬೇಕು. "ವಂಶ ನಿಂತುಹೋದವರಿಗೆ ಯಾರಮ್ಮ ಎಡೆ ಇಡ್ತಾರೆ?" ಎಂದು ನನ್ನನ್ನು ಕೇಳಿದರು. ಉತ್ತರವನ್ನು ಅವರೇ ಕಂಡುಕೊಂಡರು. ಅಲ್ಲಿಂದ ಪ್ರತಿ ಮಹಾಲಯ ಅಮಾವಾಸ್ಯೆಗೆ ನಮ್ಮ ಹಿರಿಯರ ಎಲೆಯ ಪಕ್ಕದಲ್ಲಿ ದೊರೆಗಳಿಗೂ ಒಂದು ಬಾಳೆಲೆ! ಸತ್ತವರಿಗೆ ಇಷ್ಟವಾದದ್ದನ್ನೇ ಬಡಿಸಬೇಕಲ್ಲ? ಏಳನೆಯ ದೊರೆಗೆ ಅರೆಬೆಂದ ಮೊಟ್ಟೆ, ಅವನ ಹೆಂಡತಿಗೆ ಕಿತ್ತಳೆ ಸಿಪ್ಪೆಯ ಜಾಮ್, ಕಿರಿಮಗನಿಗೆ ಫ್ರೇಜರ್ ಟೌನಿನ ಬೇಕರಿಯಿಂದ ಪ್ಲಮ್ ಕೇಕ್. ತರುವುದು ಮಾವ, ಬೇಯಿಸುವುದು ಅತ್ತೆ. ಒಂದು ವರ್ಷ ಕಾಗೆ ಬಂದು ಕೇಕನ್ನು ಕುಕ್ಕಿ ಬಿಟ್ಟು, ಪಕ್ಕದ ಎಲೆಯ ವಡೆ ಕಚ್ಚಿಕೊಂಡು ಹಾರಿಹೋಯಿತು. "ನೋಡಿದ್ರಾ? ನಿಮ್ಮ ದೊರೆಗಳಿಗೂ ನನ್ನ ವಡೇನೇ ಬೇಕಾಯ್ತು!" ಎಂದು ಅತ್ತೆ ನಕ್ಕಿದ್ದೇ ನಕ್ಕಿದ್ದು.

ಆ ಅತ್ತೆ ಕಳೆದ ಚಳಿಗಾಲದಲ್ಲಿ ತೀರಿಕೊಂಡರು. ಜ್ವರವೆಂದು ಮಲಗಿದವರು ಏಳಲಿಲ್ಲ.

ಈ ಸಲ ಮಹಾಲಯ ಅಮಾವಾಸ್ಯೆಯ ಬೆಳಿಗ್ಗೆ ನಾನು ಲಿಂಗರಾಜಪುರದಿಂದ ಆಟೊ ಹಿಡಿದು ಹೋದೆ. ಮಾವ ಸ್ನಾನ ಮಾಡಿ, ಅತ್ತೆಯ ಫೋಟೊಗೆ ಹಾರ ಹಾಕಿ, ಮುಂದೆ ಎಲೆ ಹಾಸಿಕೊಂಡು ಸುಮ್ಮನೆ ಕೂತಿದ್ದರು. ಒಲೆ ಹಚ್ಚಿರಲಿಲ್ಲ.

"ನಿಮ್ಮತ್ತೆಗೆ ಏನಿಷ್ಟ ಇತ್ತಮ್ಮ?" ಎಂದರು.

"ಅತ್ತೆ ಎಲ್ಲಾನೂ ತಿಂತಿದ್ರಲ್ಲ ಮಾವ" ಎಂದೆ.

"ಎಲ್ಲಾನೂ ಅಲ್ಲ ಕಣಮ್ಮ. ಉಳಿದಿದ್ದನ್ನ."

ಅಮ್ಮನಿಗೆ ಫೋನ್ ಮಾಡಿ ಕೇಳಿದೆ. "ಎಲ್ಲರಿಗೂ ಬಡಿಸಿ ಆಮೇಲೆ ಒಳಗೆ ಕೂತು ತಿನ್ನೋಳು. ಏನ್ ತಿಂದ್ಲು ಅಂತ ಯಾರು ನೋಡಿದ್ರು?" ಎಂದಳು. ಮಾವ ನನ್ನ ಮುಖದಲ್ಲೇ ಉತ್ತರ ಓದಿಕೊಂಡರು. "ಸಮುದ್ರದಾಚೆ ಸತ್ತೋನ ಮೊಟ್ಟೆ ಎಷ್ಟು ಬೇಯಬೇಕು ಅಂತ ಗೊತ್ತು ನಂಗೆ. ಇವಳು ಎದುರಿಗೇ ಇದ್ಲು" ಎಂದು ಹೇಳಿ ಅತ್ತುಬಿಟ್ಟರು. ನನಗೂ ಅಳು ಬಂತು. ನಗುವುದಕ್ಕೆಂದೇ ಆ ಮನೆಗೆ ಅಷ್ಟು ವರ್ಷ ಹೋಗುತ್ತಿದ್ದವಳು ನಾನು, ನಾನಾದರೂ ಯಾವತ್ತು ಕೇಳಿದ್ದೆ?

ಆಮೇಲೆ ಅಡುಗೆ ಮಾಡಿದೆವು. ಮಾಡಿದೆವು ಎನ್ನುವುದಕ್ಕಿಂತ, ನಾನು ಹೇಳಿಕೊಟ್ಟೆ, ಒಲೆಯ ಮುಂದೆ ಎಂದೂ ನಿಲ್ಲದ ಮಾವ ಮಾಡಿದರು. ಅನ್ನ ಮುದ್ದೆಯಾಯಿತು, ಸಾರಿಗೆ ಉಪ್ಪು ಜಾಸ್ತಿಯಾಯಿತು, ಪಾಯಸ ತಳ ಹಿಡಿಯಿತು. ಆರಲು ಬಿಡದೆ ಒಂದೊಂದನ್ನೇ ತಂದು ತಾವೇ ಬಗ್ಗಿ ಬಡಿಸಿದರು.

"ದೊರೆಗಳ ಎಲೆ, ಮಾವ?" ಎಂದೆ.

"ಅವರು ಕಾಯ್ಲಿ ಬಿಡು."

ಎಲೆಯಿಂದ ಇನ್ನೂ ಹಬೆ ಏಳುತ್ತಿತ್ತು. ಆ ಮನೆಯಲ್ಲಿ ಅತ್ತೆಗೆ ಎಲ್ಲರಿಗಿಂತ ಮೊದಲು ಬಡಿಸಿದ್ದು ಅವತ್ತೇ.