ಶನಿವಾರದ ಬೈಗುಳ

ಟಕ್, ಟಕ್, ಟಕ್. ಕಾರ್ಕಳದಲ್ಲಿ ನನ್ನ ಅಣ್ಣನ ಹೆಂಡತಿ ನಡೆಸುತ್ತಿದ್ದ ಗೇರುಬೀಜದ ಫ್ಯಾಕ್ಟರಿಯಲ್ಲಿ ಬೀಜ ಒಡೆಯುವ ಮೆಷಿನ್‌ಗಳ ಆ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಶನಿವಾರ ಸಂಜೆ ಚಾ ಹೊತ್ತಿಗೆ ಅದು ಒಮ್ಮೆಲೇ ನಿಲ್ಲುತ್ತಿತ್ತು. ಯಾಕೆ ಅಂತೀರಾ? ಕೆಲಸದ ಹೆಂಗಸರೆಲ್ಲ ಸೇರಿ ನಮ್ಮ ಅತ್ತಿಗೆಯನ್ನು ಬೈಯುವ ಟೈಮ್ ಅದು! ಸಂಬಳ ಕೊಟ್ಟು ಬೈಸಿಕೊಳ್ಳುವ ಇಂಥವರು ಇಡೀ ಉಡುಪಿ ಜಿಲ್ಲೆಯಲ್ಲಿ ಇನ್ನೊಬ್ಬರು ಇರಲಿಕ್ಕಿಲ್ಲ.

ಅಂಗಳದ ನಡುವೆ ಮರದ ಸ್ಟೂಲ್ ಹಾಕಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಅತ್ತಿಗೆ ಕೂತುಬಿಡುತ್ತಿದ್ದರು. ರೂಲ್ಸ್ ಸಿಂಪಲ್. ಯಾರು ಏನು ಬೇಕಾದರೂ ಬೈಯಬಹುದು; ಅತ್ತಿಗೆ "ಆಯ್ತು, ಮುಂದೆ?" ಎನ್ನಬಹುದು, ಅಷ್ಟೇ. ಸೋಮವಾರದೊಳಗೆ ಅದು ಸರಿಯಾಗಿರಬೇಕು. ಕಾನ್ವೆಂಟಿನಲ್ಲಿ ಸಿಸ್ಟರ್‌ ಪರ್ಮಿಷನ್ ಇಲ್ಲದೆ ಕೆಮ್ಮಲೂ ಹೆದರಿ ಬೆಳೆದ ನನಗೆ ಮೊದಲ ಸಲ ನೋಡಿದಾಗ ತಲೆ ತಿರುಗಿತು.

ಗದಗದ ಕಡೆಯಿಂದ ಬಂದ ಯಲ್ಲವ್ವ ಅವತ್ತು ಶುರು ಮಾಡಿದಳು. "ಅಕ್ಕಾರ, ಇದಕ್ಕ ಚಾ ಅಂತೀರೇನ್ರೀ? ಬಿಸಿನೀರಾಗ ಎಲಿ ಮುಖ ತೊಳ್ಕೊಂಡು ಹೋದಂಗೈತಿ."

"ಆಯ್ತು, ಮುಂದೆ?"

ಕಾಪುವಿನಿಂದ ಮದುವೆಯಾಗಿ ಬಂದ ಸುಶೀಲಾ ಎದ್ದಳು. "ಆ ಫ್ಯಾನ್ ಎಂತಕ್ಕೆ ಅಕ್ಕ, ನೋಡಲಿಕ್ಕಾ? ತಿರುಗುವುದು ನೋಡಿದ್ರೆ ಅದಕ್ಕೂ ಗಂಟುನೋವು ಉಂಟು ಅಂತ ಕಾಣ್ತದೆ."

ಸೋಮವಾರ ಚಾಕ್ಕೆ ಬಣ್ಣ ಬಂತು, ಫ್ಯಾನಿಗೆ ಜೀವ ಬಂತು. ಅಣ್ಣನಿಗೆ ಮಾತ್ರ ಅವಮಾನ. "ನಿನ್ನ ಮರ್ಯಾದೆ ಎಂತ ಆಗ್ತದೆ ಮಾರಾಯ್ತಿ?"

"ನನ್ನನ್ನು ಎದುರಿಗೆ ಬೈತಾರೆ, ಸಂಜೆಗೆ ಮುಗೀತದೆ. ನಿಮ್ಮನ್ನು ಹಿಂದಿನಿಂದ ಬೈತಾರಲ್ಲ, ಅದು ವರ್ಷಗಟ್ಟಲೆ ನಡೀತದೆ."

ಅಣ್ಣ ಪೇಪರ್ ಅಗಲಿಸಿ ಅದರ ಹಿಂದೆ ಮಾಯವಾದ.

ಆಮೇಲೆ ಹೆದ್ದಾರಿ ಬದಿಗೆ ಹೊಸ ಫ್ಯಾಕ್ಟರಿ ಬಂತು. ಏಸಿ ಹಾಲ್, ಪಿಕಪ್ ಬಸ್, ಹೆಚ್ಚು ಕೂಲಿ. ನಮ್ಮ ಹೆಂಗಸರನ್ನೆಲ್ಲ ಕರೆದರು. ಅತ್ತಿಗೆ ಆಗಷ್ಟೇ ದೊಡ್ಡ ಎಕ್ಸ್‌ಪೋರ್ಟ್ ಆರ್ಡರ್ ಒಪ್ಪಿಕೊಂಡಿದ್ದರು. ಹೆಂಗಸರು ಹೋದರೆ ಆರ್ಡರ್ ಹೋಯಿತು, ಹಿಂದೆಯೇ ಫ್ಯಾಕ್ಟರಿಗೂ ಬೀಗ. ಆದರೂ ತಡೆಯಲಿಲ್ಲ. "ಹೋಗಿ ನೋಡಿ ಬನ್ನಿ" ಎಂದರು. ಎಲ್ಲರೂ ಹೋದರು. ಆ ದೊಡ್ಡ ಶೆಡ್ಡಿನಲ್ಲಿ ಅತ್ತಿಗೆಯ ಒಂದೇ ಮೆಷಿನ್: ಟಕ್... ಟಕ್...

ವಾರ ತುಂಬುವ ಮೊದಲೇ ಗೇಟಿನ ಹತ್ತಿರ ಗಲಾಟೆ. ಎಲ್ಲರಿಗಿಂತ ಮುಂದೆ ಯಲ್ಲವ್ವ.

"ಅಲ್ಲಿ ಎಲ್ಲಾ ಛಲೋ ಐತ್ರೀ ಅಕ್ಕಾರ. ಬೈಯಾಕ ಮಾತ್ರ ಯಾರೂ ಇಲ್ಲ. ಸಜೆಷನ್ ಬಾಕ್ಸ್ ಅಂತ ಒಂದು ಡಬ್ಬಿ ಇಟ್ಟಾರ. ಡಬ್ಬೀನ ಎಷ್ಟಂತ ಬೈಯೂದು?"

ಆರ್ಡರ್ ಹೇಳಿದ ದಿನಕ್ಕಿಂತ ಮೊದಲೇ ಹಡಗು ಹತ್ತಿತು. ಮರುವರ್ಷ ಎರಡನೆಯ ಶೆಡ್ ಎದ್ದಿತು. ನಾನಿರುವ ಮಣಿಪಾಲದಲ್ಲಿ ಮ್ಯಾನೇಜ್‌ಮೆಂಟ್ ಓದುವ ಮಕ್ಕಳು ಇದಕ್ಕೆ 'ಎಂಪ್ಲಾಯೀ ಎಂಗೇಜ್‌ಮೆಂಟ್' ಎನ್ನುತ್ತಾರಂತೆ. ಅತ್ತಿಗೆ ಅದಕ್ಕೆ ಶನಿವಾರ ಎನ್ನುತ್ತಿದ್ದರು.

ನಾನು ಅವರನ್ನು ಕೊನೆಯ ಸಲ ನೋಡಿದ್ದೂ ಒಂದು ಶನಿವಾರವೇ. ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದು ಬಂದವರು, ಬೇಡವೆಂದರೂ ಕೇಳದೆ ಸ್ಟೂಲಿನ ಮೇಲೆ ಕೂತಿದ್ದರು. ಸೀರೆಯೊಳಗೆ ಅರ್ಧ ಅತ್ತಿಗೆ ಮಾತ್ರ ಉಳಿದಿದ್ದರು. ಹೆಂಗಸರು ತಲೆ ತಗ್ಗಿಸಿ ನಿಂತರು. ಒಬ್ಬರೂ ಬಾಯಿ ತೆರೆಯಲಿಲ್ಲ. ಅತ್ತಿಗೆಗೆ ಸಿಟ್ಟು ಬಂತು.

"ಎಂತ, ನನ್ನದು ಒಂದು ತಪ್ಪೂ ಇಲ್ವಾ? ಇಷ್ಟು ಬೇಗ ಫೋಟೋಕ್ಕೆ ಮಾಲೆ ಹಾಕಿಬಿಟ್ರಾ?"

ಯಲ್ಲವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. "ಐತ್ರೀ. ಇಷ್ಟು ದಿನ ಸ್ಟೂಲ್ ಖಾಲಿ ಬಿಟ್ಟು ಮಲಗಿದ್ರಿ. ಇನ್ನೊಮ್ಮೆ ಹಂಗ ಮಾಡಬ್ಯಾಡ್ರಿ, ನೋಡ್ರಿ ಮತ್ತ."

ಸೋಮವಾರದೊಳಗೆ ಸರಿಮಾಡಲಾಗದ ಬೈಗುಳ ಅದೊಂದೇ ಇರಬೇಕು. ಅತ್ತಿಗೆ ಅವಳ ಮುಖ ನೋಡಿದರು. ಆಮೇಲೆ ನಕ್ಕರು.

"ಆಯ್ತು" ಎಂದರು. "ಮುಂದೆ?"